ಮೈಲುತುತ್ತಕ್ಕೆ ಅದ್ದಿದ ಸ್ಟೀಲ್ ಚಾಕು

ವಿಜ್ಞಾನದಲ್ಲಿ ನಾನು ಭಾರೀ ಗಟ್ಟಿಗ ಎಂದು ಬಣಕಲ್ ಸುತ್ತಮುತ್ತ ಒಬ್ಬನಾದರೂ ನಂಬಿದ್ದ. ಆ ಒಬ್ಬ ನಾನೇ.

ನಂಬಿಕೆಗೆ ಆಧಾರವಿರಲಿಲ್ಲ ಎಂದಲ್ಲ. ನಮ್ಮ ಕಾಲದಲ್ಲಿ ಹೈಸ್ಕೂಲು ಪಾಸು ಮಾಡುವುದೆಂದರೆ ಸಣ್ಣ ಮಾತಲ್ಲ. ಪಾಸಾದ ಮೇಲೆ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿ ಸೇರಿಕೊಂಡೆ. ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಮೂಟೆ, ಔಷಧಿಯ ಡಬ್ಬ ಇವುಗಳ ಲೆಕ್ಕ ಬರೆಯುವವನು. ಓದಿದ್ದೆಲ್ಲ ಮರೆತರೂ 'ಧಾತು, ಸಂಯುಕ್ತ, ಮಿಶ್ರಣ' ಎಂಬ ಮೂರು ಪದ ಮಾತ್ರ ನಾಲಗೆಯ ಮೇಲೆ ಉಳಿದಿದ್ದವು. ಹೊತ್ತು ನೋಡಿ ಬಳಸಿದರೆ ಎದುರಿನವರನ್ನು ಸುಮ್ಮನಾಗಿಸಲು ಅವು ಸಾಕು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಬದಲು, "ಈ ಮಿಶ್ರಣದಲ್ಲಿ ಲವಣಾಂಶ ಸಾಲದು" ಎಂದರೆ ಹೆಂಡತಿ ಗಿರಿಜೆ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದಳು. ಮರುಕ್ಷಣ ಉಪ್ಪಿನ ಡಬ್ಬವನ್ನು ತಟ್ಟೆಯ ಪಕ್ಕ ಕುಕ್ಕಿ ಹೋಗುತ್ತಿದ್ದಳು, ಆ ಮಾತು ಬೇರೆ.

ಇದು ತೊಂಬತ್ತರ ದಶಕದ ನಡುವಿನ ಸಂಗತಿ. ಕಾಫಿಗೆ ಒಳ್ಳೆಯ ಬೆಲೆ ಬಂದು, ಹೆಂಚಿನ ಮನೆಗಳ ಮೇಲೆಲ್ಲ ಟಿವಿ ಆಂಟೆನಾ ಎದ್ದ ಕಾಲ. ಗಿರಿಜೆಯ ಅಣ್ಣ ಮಂಜೇಗೌಡನಿಗೆ ಬಸ್ಸು ಓಡಾಡುವ ರಸ್ತೆಗೆ ತಾಗಿದಂತೆಯೇ ಸಣ್ಣದೊಂದು ಕಾಫಿ ತೋಟವಿತ್ತು. ಅವನ ಒಬ್ಬಳೇ ಮಗಳು ಕುಸುಮ ಆ ವರ್ಷ ಹತ್ತನೇ ತರಗತಿ ಮುಗಿಸಿದ್ದಳು. ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ. ವಿಜ್ಞಾನದಲ್ಲಿ ಮಾತ್ರ ಹೇಗೋ ದಡ ಸೇರಿದ್ದಳು. ಪರೀಕ್ಷೆಯ ದಿನ ಜ್ವರವಿತ್ತು ಎಂಬುದು ಅವಳ ವಾದ. ಕಾಲೇಜಿನಲ್ಲಿ ಸೈನ್ಸೇ ತೆಗೆದುಕೊಳ್ಳುತ್ತೇನೆ ಎಂಬುದು ಅವಳ ಹಠ. ಆರ್ಟ್ಸ್ ಸಾಕು ಎಂಬುದು ಅಪ್ಪನ ತೀರ್ಮಾನ.

ನಾವು ಗಂಡ ಹೆಂಡತಿ ಅವರ ಮನೆಗೆ ಹೋದ ದಿನ ಅದೇ ಪಂಚಾಯಿತಿ ನಡೆಯುತ್ತಿತ್ತು.

"ಅಲ್ಲ ಮಾರಾಯ್ತಿ, ಜ್ವರ ಬಂದ್ರೆ ಎಲ್ಲಾ ಪರೀಕ್ಷೆಗೂ ಬರ್ಬೇಕಿತ್ತು. ಸೈನ್ಸಿಗೆ ಮಾತ್ರ ಬರದು ಎಂತ ಜ್ವರ?" ಎಂದ ಮಂಜೇಗೌಡ.

"ಜ್ವರಕ್ಕೆ ನಾನು ಟೈಂಟೇಬಲ್ ಕೊಟ್ಟಿರ್ಲಿಲ್ಲ ಅಪ್ಪ," ಎಂದಳು ಕುಸುಮ.

ಮಂಜೇಗೌಡ ನನ್ನ ಕಡೆ ತಿರುಗಿದ. "ಬಾವ, ನಮ್ಮ ಪೈಕಿ ಹೈಸ್ಕೂಲ್ ಪಾಸಾದೋರು ಅಂದ್ರೆ ನೀವೊಬ್ರೇ. ಅರ್ಜಿ ಕೊಡಕ್ಕೆ ಇನ್ನೂ ದಿನ ಐತೆ. ಅಲ್ಲಿವರ್ಗೂ ಇವಳಿಗೆ ಪಾಠ ಮಾಡಿ ನೋಡಿ. ಸೈನ್ಸು ಇವಳ ತಲೆಗೆ ಹತ್ತುತ್ತೆ ಅಂತ ನೀವು ಹೇಳಿದ್ರೆ ಸೇರಿಸ್ತೀನಿ. ಇಲ್ಲಾಂದ್ರೆ ಆರ್ಟ್ಸು. ನಿಮ್ಮ ಮಾತೇ ಕೊನೆ."

ನನ್ನ ಮಾತೇ ಕೊನೆ ಎಂದು ಅದುವರೆಗೆ ಭೂಮಿಯ ಮೇಲೆ ಯಾರೂ ನನಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಂತೂ ಮೊದಲನೆಯ ಮಾತೂ ನನ್ನದಲ್ಲ. ಎದೆಯುಬ್ಬಿಸಿ, "ನೋಡಣ, ನೋಡಣ. ಮೊದಲು ಬುನಾದಿ ಎಷ್ಟು ಗಟ್ಟಿ ಐತೆ ಅಂತ ಪರೀಕ್ಷೆ ಮಾಡ್ಬೇಕು" ಎಂದೆ. ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೆಮ್ಮು ಬಂದಿತ್ತೇನೋ ಎಂದುಕೊಂಡೆ.

ಮರುದಿನದಿಂದ ಸಂಜೆ ಸಂಜೆ ಕುಸುಮ ನಮ್ಮ ಎಸ್ಟೇಟಿನ ಕ್ವಾರ್ಟರ್ಸಿಗೆ ಬರತೊಡಗಿದಳು. ಜಗಲಿಯೇ ನಮ್ಮ ಪ್ರಯೋಗಶಾಲೆ. ಮೊದಲ ದಿನವೇ ನಾನು ಒಂದು ಮಹತ್ತರವಾದ ಸಿದ್ಧಾಂತವನ್ನು ಮಂಡಿಸಿದೆ.

"ಆಮ್ಲಜನಕ ಅಂದ್ರೆ ಏನು? ಆಮ್ಲವನ್ನ ಹುಟ್ಸೋದು. ಅದನ್ನೇ ನಾವು ದಿನಾ ಉಸಿರಾಡ್ತೀವಿ. ಹೊಟ್ಟೇಲಿ ಹುಳಿತೇಗು ಬರದು ಅದಕ್ಕೇ."

ಕುಸುಮ ಪೆನ್ಸಿಲಿನ ತುದಿ ಕಚ್ಚಿದಳು. "ಮಾವ, ಆಮ್ಲದಲ್ಲಿ ಮುಖ್ಯ ಇರದು ಜಲಜನಕ ಅಂತ ನಮ್ಮ ಮೇಷ್ಟ್ರು ಹೇಳಿದ್ರಲ್ಲ."

"ಜಲಜನಕದಿಂದ ಜಲ ಬರ್ತದೆ. ಹೆಸರೇ ಹೇಳ್ತದಲ್ಲ."

"ಹೆಸರಿಟ್ಟೋರಿಗೆ ಅವಾಗ ಗೊತ್ತಿರ್ಲಿಲ್ಲವಂತೆ."

ಹೆಸರಿಟ್ಟ ಮಹನೀಯರಿಗಿಂತ ನಿಮ್ಮ ಮೇಷ್ಟರು ದೊಡ್ಡವರೋ ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದೆ. ಬಾಯಿ ಮುಚ್ಚಿಸುವುದನ್ನೇ ಆಗ ನಾನು ಪಾಠವೆಂದು ತಿಳಿದಿದ್ದೆ.

ಎರಡನೆಯ ಪಾಠ ದಾಸವಾಳದ್ದು. ನಮ್ಮಲ್ಲಿ ಲಿಟ್ಮಸ್ ಕಾಗದ ಎಲ್ಲಿಂದ ಬರಬೇಕು? ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿದರೆ ಅದೇ ಸೂಚಕವಾಗುತ್ತದೆ ಎಂದು ಕುಸುಮಳೇ ಹೇಳಿದಳು. ಗಿರಿಜೆ ದೇವರಿಗೆಂದು ಬುಟ್ಟಿಯಲ್ಲಿ ಕೊಯ್ದಿಟ್ಟಿದ್ದ ಹೂವನ್ನೆಲ್ಲ ತಂದು ಉಜ್ಜಿದೆವು. ನೇರಳೆ ಬಣ್ಣದ ಕಾಗದದ ಮೇಲೆ ನಿಂಬೆರಸ ಬಿಟ್ಟಾಗ ಗುಲಾಬಿ ಅರಳಿತು. ಸೋಪಿನ ನೀರು ಬಿಟ್ಟಾಗ ಹಸಿರು ಹರಡಿತು. ನಾನು ನಿಜಕ್ಕೂ ಬೆರಗಾಗಿದ್ದೆ. ಆದರೆ ಗುರುವಾದವನು ಬೆರಗಾಗಬಾರದಲ್ಲ. "ಹೂಂ, ಹಿಂಗೇ ಆಗ್ಬೇಕು" ಎಂದು ಗಂಭೀರವಾಗಿ ತಲೆಯಾಡಿಸಿದೆ. ಆ ಸಂಜೆಯ ಓರೆಬಿಸಿಲು, ಜಗಲಿಯ ಕೆಂಪು ಸಿಮೆಂಟಿನ ಮೇಲೆ ಸಾಲಾಗಿ ಒಣಗಲಿಟ್ಟ ಕಾಗದದ ಚೂರುಗಳು, ಪ್ರತಿಯೊಂದನ್ನೂ ಬಗ್ಗಿ ಬಗ್ಗಿ ನೋಡುತ್ತಿದ್ದ ಹುಡುಗಿಯ ಎರಡು ಜಡೆ ಇವೆಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಆ ದಿನ ದೇವರಿಗೆ ಹೂವಿರಲಿಲ್ಲ. ನನಗೆ ಕಾಫಿಯಿರಲಿಲ್ಲ.

ಮೂರನೆಯದು ಅರಿಶಿನ. "ಆರತಿ ತಟ್ಟೇಲಿ ಕೆಂಪು ನೀರು ಹೆಂಗಾಗ್ತದೆ? ಅರಿಶಿನಕ್ಕೆ ಸುಣ್ಣ ಹಾಕಿ. ಸುಣ್ಣ ಪ್ರತ್ಯಾಮ್ಲ, ಅದಕ್ಕೇ ಹಳದಿ ಹೋಗಿ ಕೆಂಪಾಗ್ತದೆ" ಎಂದು ವಿವರಿಸಿದೆ. ನಾನು ಹೇಳಿದ್ದರಲ್ಲಿ ಸರಿಯಾಗಿದ್ದ ಏಕೈಕ ಮಾತು ಇದು. ಅಲ್ಲಿಗೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಉತ್ಸಾಹದ ಭರದಲ್ಲಿ ಉಟ್ಟಿದ್ದ ಬಿಳಿ ಪಂಚೆಗೇ ಅರಿಶಿನ ಬಳಿದು, ಮೇಲೆ ಬಟ್ಟೆ ಸೋಪು ತಿಕ್ಕಿದೆ. ಮೊಣಕಾಲಿನಿಂದ ಕೆಳಗೆ ಪಂಚೆ ಕೆಂಪಗಾಯಿತು. ಸರಿಯಾಗಿ ಅದೇ ಹೊತ್ತಿಗೆ ಎಸ್ಟೇಟಿನ ಸಾಹುಕಾರರ ಜೀಪು ಅಂಗಳಕ್ಕೆ ಬಂತು.

"ಏನ್ರೀ ರೈಟ್ರೇ, ಕಾಲಿಗೆ ಕತ್ತಿ ಬಿತ್ತಾ?" ಎಂದು ಸಾಹುಕಾರರು ಗಾಬರಿಯಿಂದ ಇಳಿದರು.

"ಇಲ್ಲ ಸಾರ್, ಪ್ರತ್ಯಾಮ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಗಿರಿಜೆಯನ್ನು ಕರೆದು, ಎರಡು ದಿನ ಇವರಿಗೆ ರಜೆ, ಬಿಸಿಲಲ್ಲಿ ಓಡಾಡಿಸಬೇಡಿ ಎಂದು ಮೆಲ್ಲಗೆ ಹೇಳಿ ಹೋದರು.

ಆ ರಜೆಯೇ ಮುಂದಿನ ಅನಾಹುತಕ್ಕೆ ದಾರಿಯಾಯಿತು. ಮಳೆಗಾಲ ಹಿಡಿಯುವ ಮೊದಲು ಕಾಫಿ ಗಿಡಗಳಿಗೆ ಬೋರ್ಡೋ ಹೊಡೆಯಬೇಕು. ಮೈಲುತುತ್ತದ ನೀಲಿ ನೀರಿಗೂ ಸುಣ್ಣದ ತಿಳಿಗೂ ಮದುವೆ ಮಾಡಿಸಿದರೆ ಆಗುವ ಔಷಧಿ ಅದು. ಮೈಲುತುತ್ತದ ನೀರಿಗೆ ಆಮ್ಲದ ಗುಣ, ಸುಣ್ಣದ ನೀರು ಪ್ರತ್ಯಾಮ್ಲ. ಹದವಾಗಿ ಸೇರಿದರೆ ಒಂದರ ಸಿಟ್ಟನ್ನು ಇನ್ನೊಂದು ಇಳಿಸಿ ಎಲೆಯನ್ನು ಕಾಯುತ್ತವೆ. ಸುಣ್ಣ ಸಾಲದೇ ಹೋದರೆ ಆ ಸಿಟ್ಟು ಇಳಿಯದೆ ಎಲೆಯನ್ನೇ ಸುಡುತ್ತದೆ. ಮಂಜೇಗೌಡನ ತೋಟಕ್ಕೆ ಪ್ರತಿವರ್ಷ ಇದನ್ನು ಬೆರೆಸಿಕೊಡುತ್ತಿದ್ದ ಮೇಸ್ತ್ರಿ ಹರಕೆ ತೀರಿಸಲು ಹೊರನಾಡಿಗೆ ಹೋಗಿದ್ದ.

"ಮೇಸ್ತ್ರಿ ಯಾಕೆ ಬೇಕು? ನಾನಿದ್ದೀನಿ" ಎಂದೆ ನಾನು. "ಕುಸುಮಂಗೆ ಇದೇ ಪ್ರಾಕ್ಟಿಕಲ್ ಪರೀಕ್ಷೆ. ಇದರಲ್ಲಿ ಪಾಸಾದ್ರೆ ಸೈನ್ಸಿಗೆ ನನ್ನ ಒಪ್ಪಿಗೆ."

ಮಂಜೇಗೌಡ ಒಪ್ಪಿದ. ವರ್ಷಾನುಗಟ್ಟಲೆ ಎಸ್ಟೇಟಿನಲ್ಲಿ ಮೈಲುತುತ್ತದ ಮೂಟೆಯ ಲೆಕ್ಕ ಬರೆದವನು ನಾನು. ಮೂಟೆಯೊಳಗಿನದನ್ನು ಮುಟ್ಟಿರಲಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ಕೆಲಸ ಶುರುವಾಯಿತು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿ ನವಿಲಿನ ಕತ್ತಿನ ಬಣ್ಣ ಬಂತು. ಸುಣ್ಣಕ್ಕೆ ಮಂಜೇಗೌಡ ಕೊಟ್ಟಿಗೆಯಲ್ಲಿದ್ದ ಒಂದು ತೆರೆದ ಬುಟ್ಟಿ ತೋರಿಸಿದ. ಹಿಂದಿನ ದೀಪಾವಳಿಗೆ ಗೋಡೆ ಬಳಿದು ಉಳಿದದ್ದು. ಕುಸುಮ ಅದಕ್ಕೆ ನೀರು ಹೊಯ್ದು ಕೈಯಿಟ್ಟು ನೋಡಿದಳು.

"ಮಾವ, ಇದು ಬಿಸೀನೇ ಆಗ್ಲಿಲ್ಲ. ಕುದೀಲೂ ಇಲ್ಲ. ಗಾಳಿಗೆ ಬಿದ್ದು ಸತ್ತೋಗಿರ್ಬೇಕು."

"ಸುಣ್ಣಕ್ಕೆ ಎಂತ ಜೀವ ಇತ್ತು ಸಾಯಕ್ಕೆ?"

"ಗಾಳೀಲಿ ಇಂಗಾಲದ ಡೈ ಆಕ್ಸೈಡ್ ಇರ್ತದಲ್ಲ. ಅದನ್ನ ಕುಡಿದು ಸೀಮೆಸುಣ್ಣದ ಪುಡಿ ತರ ಆಗಿರ್ತದೆ."

"ಸುಣ್ಣ ಶಾಂತವಾಗಿದ್ರೆ ಒಳ್ಳೇದೇ. ಹಾಕು."

ಹಾಕಿದಳು. ಎರಡೂ ಸೇರಿದಾಗ ಬಂದ ಬಣ್ಣ ನನಗೆ ಬಹಳ ಚೆಂದ ಕಂಡಿತು. ಆಮೇಲೆ ಹದ ನೋಡುವ ಪರೀಕ್ಷೆ. ಹೊಳೆಯುವ ಚಾಕು ಅದ್ದಬೇಕು, ಅದಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ ಎಂದು ಮೇಸ್ತ್ರಿಗಳು ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ಮಂಜೇಗೌಡನ ಮನೆಯ ಚಾಕು, ಕತ್ತಿ ಎಲ್ಲ ಕಬ್ಬಿಣದವು. ಹೊಗೆ ಹಿಡಿದ ಹಾಗೆ ಕಪ್ಪಗಿದ್ದವು. ವಿಜ್ಞಾನದಂಥ ಘನವಾದ ಕಾರ್ಯಕ್ಕೆ ಅವು ತಕ್ಕವಲ್ಲವೆಂದು ನಮ್ಮ ಮನೆಯಿಂದಲೇ ಗಿರಿಜೆಯ ಹೊಸ ಸ್ಟೀಲ್ ಚಾಕು ತಂದಿದ್ದೆ. ಆಲ್ದೂರಿನ ಪಾತ್ರೆ ಅಂಗಡಿಯಲ್ಲಿ ಕೊಂಡದ್ದು. ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು, ಅಷ್ಟು ಹೊಳಪು.

ಅದ್ದಿದೆ. ತೆಗೆದೆ. ಬೆಳ್ಳಗಿತ್ತು.

"ಪಾಸ್" ಎಂದೆ.

"ಮಾವ, ಇದು ಸ್ಟೀಲಲ್ವಾ? ಇದಕ್ಕೆ ತುಕ್ಕೇ ಹಿಡಿಯಲ್ಲ, ತಾಮ್ರ ಹೆಂಗೆ ಹಿಡೀತದೆ? ಕಬ್ಬಿಣದ್ದರಲ್ಲಿ ನೋಡಣ."

"ಕುಸುಮ, ಸೈನ್ಸಿಗೆ ಸೇರೋರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿರದು ವಿನಯ. ಹೇಳಿದ್ದು ಕೇಳದು."

ಅವಳು ಸುಮ್ಮನಾದಳು. ಆ ಮೌನವನ್ನು ನೆನೆದರೆ ಈಗಲೂ ನನಗೆ ಒಂಥರಾ ಸಂಕಟವಾಗುತ್ತದೆ. ಆವತ್ತಂತೂ ಅದನ್ನು ನನ್ನ ಪಾಂಡಿತ್ಯಕ್ಕೆ ಸಂದ ಗೌರವ ಎಂದುಕೊಂಡಿದ್ದೆ.

ಔಷಧಿ ಹೊಡೆಯಲು ನಾನು ಆರಿಸಿಕೊಂಡದ್ದು ರಸ್ತೆ ಬದಿಯ ಸಾಲುಗಳನ್ನು. ಬಸ್ಸಿನಲ್ಲಿ ಹೋಗುವವರು ನೋಡಲಿ ಎಂದು. ಬೆನ್ನಿಗೆ ಪಂಪು ಕಟ್ಟಿಕೊಂಡು, ತಲೆಗೆ ಟವೆಲು ಸುತ್ತಿ, ಹೋಗುವ ಬರುವ ಬಸ್ಸಿಗೆಲ್ಲ ಕೈ ಬೀಸುತ್ತಾ ಹೊಡೆದೆ. ಸಂಜೆಯ ಹೊತ್ತಿಗೆ ಗಿಡಗಳು ಮಾತ್ರವಲ್ಲ, ನನ್ನ ಹುಬ್ಬು ಮೀಸೆಗಳೂ ತಿಳಿನೀಲಿಯಾಗಿದ್ದವು.

ಕೆಲವು ದಿನ ಕಳೆದ ಮೇಲೆ ಬಸ್ಸಿನವರು ನಿಜವಾಗಿಯೂ ನೋಡಿದರು. ಮಂಜೇಗೌಡನ ತೋಟದ ಎದುರು ಬಸ್ಸು ನಿಧಾನ ಮಾಡಿ ಕಂಡಕ್ಟರು ಕೂಗಿದ್ದನಂತೆ: "ಗೌಡ್ರೇ, ಗಿಡಕ್ಕೆ ಬೆಂಕಿ ಬಿದ್ದಿತ್ತಾ?" ಆಗತಾನೇ ಚಿಗುರಿದ್ದ ಎಳೆಯ ಎಲೆಗಳ ಅಂಚೆಲ್ಲ ಸುಟ್ಟ ಹಪ್ಪಳದಂತೆ ಮುದುಡಿಕೊಂಡಿತ್ತು.

ನಾನು ಹೋಗಿ ನೋಡಿದೆ. ನಾಲಗೆ ಸುಮ್ಮನಿರಲಿಲ್ಲ. "ಬಿಸಿಲು ಜಾಸ್ತಿಯಾಯ್ತು ಅನ್ಸುತ್ತೆ" ಎಂದೆ. ಮರದ ನೆರಳಿನ ಗಿಡಗಳೂ ಸುಟ್ಟಿದ್ದವು. "ನೆರಳು ಜಾಸ್ತಿಯಾಗಿರ್ಬೇಕು" ಎಂದೆ. ಪಂಪಿನ ಮೂತಿಯನ್ನು ದೂರಿದೆ. ರಸ್ತೆಯ ಧೂಳನ್ನು ದೂರಿದೆ. ಕೊನೆಗೆ ಬಸ್ಸಿನವರ ದೃಷ್ಟಿ ತಾಗಿರಬಹುದು ಎಂಬಲ್ಲಿಗೆ ವಿಜ್ಞಾನ ಬಂದು ನಿಂತಿತು.

ಮಂಜೇಗೌಡ ಒಂದು ಎಲೆ ಕಿತ್ತು ಕೈಯಲ್ಲಿ ಪುಡಿ ಮಾಡಿದ. "ಸುಣ್ಣ ಹಾಕಿದ್ದು ಯಾರು?"

"ನಾನು" ಎಂದಳು ಕುಸುಮ.

"ಅದೇ ನೋಡು. ಅಳತೆ ತಪ್ಪಿದೀಯ. ಹದ ಗೊತ್ತಾಗ್ದೋರಿಗೆ ಸೈನ್ಸು ಯಾಕೆ? ಸೋಮವಾರ ಮೂಡಿಗೆರೆಗೆ ಹೋಗಿ ಆರ್ಟ್ಸಿಗೆ ಅರ್ಜಿ ಕೊಟ್ಟು ಬರಣ."

ಅವಳು ನನ್ನ ಕಡೆ ನೋಡಿದಳು. ಆ ಕ್ಷಣದಲ್ಲಿ ನಾನು ಬಾಯಿ ಬಿಡಬೇಕಿತ್ತು. ಯಾವಾಗಲೂ ಬೇಡದ ಕಡೆ ಬಿಡುವ ಬಾಯಿ ಅಂದು ಬೇಕಾದ ಕಡೆ ಮುಚ್ಚಿಕೊಂಡಿತು. ಪಂಚೆ ಕೊಡವಿಕೊಂಡು ಮನೆಗೆ ಬಂದೆ.

ಮರುದಿನ ರಾತ್ರಿಯ ಹೊತ್ತಿಗೆ ಗಿರಿಜೆಗೆ ಎಲ್ಲ ಗೊತ್ತಾಗಿತ್ತು. ಬಡಿಸುತ್ತಾ ಕೇಳಿದಳು: "ನಿಮ್ಮ ಮಾತೇ ಕೊನೆ ಅಂದಿದ್ನಲ್ಲ ಅಣ್ಣ. ಆ ಮಾತು ಎಲ್ಲಿ ಹೋಯ್ತು?"

"ಗಿರಿಜಾ, ನಾನು ಚಾಕು ಅದ್ದಿ ನೋಡಿದ್ದೆ. ಮಿಶ್ರಣ ಸರಿಯಾಗೇ ಇತ್ತು."

"ಮಿಶ್ರಣ ಸರಿ ಇತ್ತು, ಎಲೆ ತಾನಾಗೇ ಸುಟ್ಕೊಂತು. ಆ ಮಗು ನಿನ್ನೆಯಿಂದ ಅನ್ನ ಮುಟ್ಟಿಲ್ಲವಂತೆ. ನೀವು ಮೂರನೇ ಸಲ ಹಾಕಿಸ್ಕೊಳ್ತಿದೀರಿ."

ತಟ್ಟೆ ಸರಿಸಿ ಎದ್ದೆ. ಬೆಳಿಗ್ಗೆ ಎದ್ದವನೇ ಮಂಜೇಗೌಡನ ಮನೆಗೆ ಹೋದೆ. ತಪ್ಪೊಪ್ಪಿಕೊಳ್ಳಲು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಯೋಜನೆ ಬೇರೆಯೇ ಇತ್ತು. ಅದೇ ಸುಣ್ಣ, ಅದೇ ಮೈಲುತುತ್ತ ಸಣ್ಣ ಪ್ರಮಾಣದಲ್ಲಿ ಎಲ್ಲರ ಮುಂದೆ ಬೆರೆಸಿ, ಚಾಕು ಅದ್ದಿ, ಮಿಶ್ರಣ ಸರಿಯಾಗಿತ್ತೆಂದು ಸಾಬೀತು ಮಾಡುವುದು. ಆಗ ಹುಡುಗಿಯ ಮೇಲಿನ ಆರೋಪ ಹೋಗುತ್ತದೆ, ನನ್ನ ಮೇಲೂ ಬರುವುದಿಲ್ಲ. ಆಮ್ಲವೂ ಇಲ್ಲ, ಪ್ರತ್ಯಾಮ್ಲವೂ ಇಲ್ಲ, ಎಲ್ಲ ತಟಸ್ಥ.

ಮಣ್ಣಿನ ಮಡಕೆಯೊಂದರಲ್ಲಿ ಬೆರೆಸಿದೆ. ಸ್ಟೀಲ್ ಚಾಕು ಅದ್ದಿ ಎತ್ತಿ ಹಿಡಿದೆ. ಬೆಳಗಿನ ಬಿಸಿಲಿಗೆ ಅದು ಫಳಫಳ ಹೊಳೆಯಿತು.

"ನೋಡಿ ಬಾವ. ಒಂದು ಚೂರು ಕೆಂಪಿಲ್ಲ. ಮಗು ಹಾಕಿದ ಸುಣ್ಣ ಸರಿಯಾಗೇ ಇತ್ತು."

ಮಂಜೇಗೌಡ ಗೊಂದಲಕ್ಕೆ ಬಿದ್ದ. ಕುಸುಮ ಒಳಗೆ ಹೋಗಿ ಹುಲ್ಲು ಕೊಯ್ಯುವ ಕಪ್ಪು ಕತ್ತಿ ತಂದು, ಅಂಗಳದ ಸಾಣೆಕಲ್ಲಿಗೆ ಅದರ ತುದಿಯನ್ನು ತಿಕ್ಕತೊಡಗಿದಳು. ಕರಕರ ಶಬ್ದ. ಕಬ್ಬಿಣದ ಒಳಗಿನ ಬಿಳುಪು ಕಾಣಿಸುವವರೆಗೂ ತಿಕ್ಕಿದಳು. ಆಮೇಲೆ ಮಡಕೆಯೊಳಗೆ ಅದ್ದಿ ಸ್ವಲ್ಪ ಹೊತ್ತು ಹಿಡಿದು ಎತ್ತಿದಳು.

ಕತ್ತಿಯ ತುದಿ ಹೊಸ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿತ್ತು.

"ಇದೆಂತದು ಮಾರಾಯ್ತಿ?" ಎಂದ ಮಂಜೇಗೌಡ. ಬೆರಳಿನಿಂದ ಮುಟ್ಟಿ ನೋಡಿದ.

"ತಾಮ್ರ ಅಪ್ಪ. ಮೈಲುತುತ್ತದ ಒಳಗೆ ಇರದೇ ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಚುರುಕು. ಕಬ್ಬಿಣ ನೀರಿಗಿಳಿದು ಅದರ ಜಾಗ ಹಿಡೀತದೆ, ತಾಮ್ರ ಹೊರಗೆ ಬಂದು ಕತ್ತಿ ಮೇಲೆ ಕೂರ್ತದೆ. ಸುಣ್ಣ ಸಾಕಷ್ಟಿದ್ರೆ ತಾಮ್ರನ ಕಟ್ಟಿಹಾಕ್ತಿತ್ತು, ಹಿಂಗೆ ಬರ್ತಿರ್ಲಿಲ್ಲ. ಸುಣ್ಣದ ಅಳತೆ ಸರಿ ಇತ್ತು. ಸುಣ್ಣ ಹಳೇದು."

ಹೊಸ ಸುಟ್ಟಸುಣ್ಣದ ನಾಲ್ಕು ಹರಳು ಪಕ್ಕದ ಮನೆಯಿಂದ ಬಂತು. ನೀರು ಬಿದ್ದದ್ದೇ ಅದು ಸುಂಯ್ ಎಂದು ಹೊಗೆಯಾಡಿ ಕುದಿಯಿತು. ಅದರ ತಿಳಿಯನ್ನು ಮಡಕೆಗೆ ಸೇರಿಸಿದ ಮೇಲೆ, ಇನ್ನೊಮ್ಮೆ ತಿಕ್ಕಿದ ಕತ್ತಿಯನ್ನು ಅದ್ದಿ ತೆಗೆದಳು. ಬೆಳ್ಳಗೇ ಇತ್ತು. ಮಡಕೆಯ ಬಣ್ಣ ಮಳೆ ಬಿಟ್ಟ ಮರುದಿನದ ಆಕಾಶದ ಹಾಗಿತ್ತು. ಅಷ್ಟು ಚೆಂದದ ನೀಲಿಯನ್ನು ಆಮೇಲೆ ನಾನು ಎಲ್ಲೂ ಕಂಡಿಲ್ಲ.

ಮಂಜೇಗೌಡ ಮಡಕೆಯಿಂದ ಮಗಳ ಕಡೆ ತಿರುಗಿದ. "ಇಷ್ಟು ಗೊತ್ತಿದ್ದೋಳು ಅವತ್ತೇ ಯಾಕೆ ಹೇಳ್ಲಿಲ್ಲ?"

ಕುಸುಮ ಕತ್ತಿ ಒರೆಸುತ್ತಾ ತಲೆ ತಗ್ಗಿಸಿದಳು. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ನನಗೆ ಜಗಳಕ್ಕಾದರೂ ದಾರಿಯಿರುತ್ತಿತ್ತು. ಅವಳು ಸುಮ್ಮನಿದ್ದದ್ದರಿಂದ ನಾನೇ ಮಾತಾಡಬೇಕಾಯಿತು.

"ಹೇಳಿದ್ಲು ಬಾವ. ಸುಣ್ಣ ಸತ್ತಿದೆ ಅಂದ್ಲು. ಸ್ಟೀಲಲ್ಲಿ ಗೊತ್ತಾಗಲ್ಲ, ಕಬ್ಬಿಣದ್ದು ಅದ್ದಣ ಅಂತಲೂ ಅಂದ್ಲು. ನಾನೇ ವಿನಯ ಕಲ್ಕೊ ಅಂತ ಬಾಯಿ ಮುಚ್ಚಿಸ್ದೆ. ಗಿಡ ಸುಟ್ಟಿದ್ದು ನಾನು."

ಮಂಜೇಗೌಡ ಎರಡು ಕೈಯನ್ನೂ ಸೊಂಟದ ಮೇಲಿಟ್ಟು ನನ್ನನ್ನು ನೋಡಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಹೋಗ್ಲಿ ಬಿಡಿ ಬಾವ. ಚಿಗುರು ಮತ್ತೆ ಬರ್ತದೆ" ಎಂದ. ಆಮೇಲೆ ಮಗಳ ಕಡೆ ತಿರುಗಿದ. "ಸೋಮವಾರ ಸೈನ್ಸಿಗೇ ಬರ್ಸಣ. ಒಂದೇ ಷರತ್ತು. ಇನ್ಮೇಲೆ ನಿಮ್ಮ ಮಾವನ ಹತ್ರ ಪಾಠಕ್ಕೆ ಹೋಗ್ಬಾರ್ದು."

ಹುಡುಗಿ ಅತ್ತಳೋ ನಕ್ಕಳೋ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಆಯಿತು. ಅದು ಮಿಶ್ರಣವೋ ಸಂಯುಕ್ತವೋ ಎಂದು ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ.

ಅವಳು ಮೂಡಿಗೆರೆಗೆ ಬಸ್ಸಿನಲ್ಲಿ ಹೋಗಿಬಂದು ಓದಿದಳು. ಮಳೆಗಾಲದಲ್ಲಿ ಕೊಡೆಯ ಜೊತೆ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ರಸ್ತೆ ಬದಿ ನಿಂತಿರುತ್ತಿದ್ದಳು. ನಾನು ಆ ದಾರಿಯಾಗಿ ಹೋದರೆ, "ಮಾವ, ಇವತ್ತು ಲ್ಯಾಬು" ಎಂದು ದೂರದಿಂದಲೇ ಕೂಗುತ್ತಿದ್ದಳು. ನನ್ನ ಮೇಲೆ ಒಂದು ಚೂರೂ ಸಿಟ್ಟಿರಲಿಲ್ಲ ಅವಳಿಗೆ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಗಿಡಗಳೂ ಅವಳ ಹಾಗೆಯೇ. ಮಳೆ ಮುಗಿಯುವ ಹೊತ್ತಿಗೆ ಸುಟ್ಟದ್ದೆಲ್ಲ ಉದುರಿಸಿ ಹೊಸದಾಗಿ ಚಿಗುರಿ ನಿಂತವು.

ಮಳೆ ಕಳೆದ ಮೇಲೆ ಇನ್ನೊಂದು ಸಲ ಬೋರ್ಡೋ ಹೊಡೆಯುವ ಕೆಲಸ ಬಂತು. ಒಂದು ಭಾನುವಾರ ಮಂಜೇಗೌಡ ನನಗೂ ಹೇಳಿ ಕಳಿಸಿದ. ನನ್ನ ಅನುಭವಕ್ಕೆ ಕೊನೆಗೂ ಬೆಲೆ ಬಂತೆಂದು ಒಗೆದ ಪಂಚೆ ಉಟ್ಟು ಹೋದೆ. ಡ್ರಮ್ಮಿನ ಪಕ್ಕ ಕುಸುಮ ನಿಂತಿದ್ದಳು. ಮೇಸ್ತ್ರಿಯೂ ಅವಳನ್ನು ಕೇಳಿಯೇ ಸುಣ್ಣ ಸುರಿಯುತ್ತಿದ್ದ. ನಾನು ಕೈ ಉಜ್ಜಿಕೊಂಡು, "ನಾನೇನು ಬೆರೆಸ್ಲಿ?" ಎಂದೆ.

ಎಲ್ಲರೂ ಮುಖ ಮುಖ ನೋಡಿಕೊಂಡರು.

"ನೀವು ಹಳ್ಳದಿಂದ ನೀರು ತನ್ನಿ ಮಾವ" ಎಂದಳು ಕುಸುಮ, ಬಹಳ ಮರ್ಯಾದೆಯಿಂದ. "ನೀರು ಆಮ್ಲನೂ ಅಲ್ಲ, ಪ್ರತ್ಯಾಮ್ಲನೂ ಅಲ್ಲ. ಅದನ್ನ ಯಾರು ತಂದ್ರೂ ಕೆಡಲ್ಲ."

ಎರಡು ಕೊಡ ಎತ್ತಿಕೊಂಡು ಹಳ್ಳಕ್ಕೆ ಇಳಿದೆ. ತುಂಬಿಸಿ ಹತ್ತುವಾಗ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟೆ. ಕೊಡ ಒಂದು ಕಡೆ, ನಾನೊಂದು ಕಡೆ. ಸದ್ದು ಕೇಳಿ ಮೇಲಿನಿಂದ ಮಂಜೇಗೌಡ, "ಏನಾಯ್ತು ಬಾವ?" ಎಂದು ಕೂಗಿದ.

ಒದ್ದೆ ಪಂಚೆಯಲ್ಲಿ ಕೂತಲ್ಲಿಂದಲೇ ಹೇಳಿದೆ: "ನೀರಿಗೇನೂ ಆಗಿಲ್ಲ."